ಆ ಆರು ಹೆಸರುಗಳ ಪಟ್ಟಿಯನ್ನು ಕೆಳಗಿಳಿಸಿ

ಮಾನ್ಯ ವಾಹನ ನೋಂದಣಿ ಅಧಿಕಾರಿಗಳೇ,

ಕಳೆದ ವಾರ ನಿಮ್ಮ ಕಚೇರಿಯಿಂದ ನನ್ನ ಹೆಂಡತಿಗೆ ಒಂದು ಉತ್ತರ ಬಂದಿದೆ. ಬೈಕಿನ ಹಿಂಚಕ್ರ ತೆಗೆದು, ಆ ಜಾಗದಲ್ಲಿ ಎರಡು ಚಕ್ರ ಜೋಡಿಸಿ, ಮೂರು ಚಕ್ರದ ಗಾಡಿಯನ್ನಾಗಿ ಮಾಡಿಕೊಡಲು ನಿಮ್ಮ ಇಲಾಖೆ ಅನುಮೋದಿಸಿರುವ ಆರು ಗ್ಯಾರೇಜುಗಳ ಪಟ್ಟಿಯನ್ನು ಮರುಪರಿಶೀಲಿಸಬೇಕೆಂದು ಆಕೆ ಅರ್ಜಿ ಹಾಕಿದ್ದಳು. ನೀವು ತಿರಸ್ಕರಿಸಿದ್ದೀರಿ. ಕಾರಣವನ್ನೂ ಕೊಟ್ಟಿದ್ದೀರಿ: "ಸದರಿ ಪಟ್ಟಿಯನ್ನು ಪ್ರಾಮಾಣಿಕತೆಗೆ ಹೆಸರಾದ, ಈಗ ನಿವೃತ್ತರಾಗಿರುವ ಹಿರಿಯ ನಿರೀಕ್ಷಕರೊಬ್ಬರು ಖುದ್ದು ಸ್ಥಳ ಪರಿಶೀಲನೆ ನಡೆಸಿ ಸಿದ್ಧಪಡಿಸಿರುವುದರಿಂದ ಸಂಶಯಕ್ಕೆ ಆಸ್ಪದವಿರುವುದಿಲ್ಲ. ಅಂಥವರ ಹೆಸರಿಗೆ ಮಸಿ ಬಳಿಯುವ ಪ್ರಯತ್ನ ವಿಷಾದನೀಯ."

ಆ ನಿರೀಕ್ಷಕ ನಾನು. ಸ್ಥಳ ಪರಿಶೀಲನೆ ನಡೆದಿಲ್ಲ. ಆ ಪಟ್ಟಿಯನ್ನು ದಯವಿಟ್ಟು ಕೆಳಗಿಳಿಸಿ.

ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನಿಮ್ಮ ಕಟ್ಟಡದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು. ಮೂರು ಸಾಲಿನ ಪತ್ರ ಅಲ್ಲಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಿ, ಕೊನೆಗೆ ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತದೆಂದು ನನಗೆ ಗೊತ್ತು. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ನಿಮ್ಮನ್ನು ಖುದ್ದಾಗಿ ಕಂಡು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಎರಡು ಸಲ ಬಂದಿದ್ದೆ. ನಿಮ್ಮ ಹಿರಿಯ ಗುಮಾಸ್ತರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. "ನಿಮ್ಮಂಥವರು ಈಗ ಎಲ್ಲಿದಾರೆ ಸಾರ್? ಒಬ್ಬರ ಹತ್ರ ಒಂದು ಪೆನ್ನು ಕೂಡ ಇಸ್ಕೊಂಡವರಲ್ಲ," ಎಂದು ಹೊಸಬರಿಗೆ ನನ್ನನ್ನು ತೋರಿಸಿದರು. ಎರಡು ಸಲವೂ ಚಹಾ ಕುಡಿದು, ಎಲ್ಲರ ಕ್ಷೇಮ ವಿಚಾರಿಸಿ, ಬಂದ ದಾರಿ ಹಿಡಿದು ವಾಪಸಾದೆ.

ಗುಮಾಸ್ತರು ಹೇಳಿದ್ದು ನಿಜ. ನಾನು ಯಾರ ಹತ್ತಿರವೂ ಏನನ್ನೂ ತೆಗೆದುಕೊಂಡವನಲ್ಲ. ಅದೇ ಹೆಮ್ಮೆಯಲ್ಲಿ ಮೂವತ್ತೊಂದು ವರ್ಷ ಬೆನ್ನು ತಟ್ಟಿಕೊಂಡೆ. ಕೈ ಶುದ್ಧವಾಗಿದ್ದರೆ ಸಾಕು, ಕಾಲು ಆಡಿಸುವ ಅಗತ್ಯವಿಲ್ಲ ಎಂದು ಯಾವಾಗ ಅಂದುಕೊಂಡೆನೋ ನನಗೇ ತಿಳಿಯದು. ಮೂರು ವರ್ಷದ ಹಿಂದೆ, ನಿವೃತ್ತಿಗೆ ಎರಡು ತಿಂಗಳಿದ್ದಾಗ ಈ ಪಟ್ಟಿಯ ಕೆಲಸ ನನ್ನ ಪಾಲಿಗೆ ಬಂತು. ಏಳು ಗ್ಯಾರೇಜುಗಳ ಅರ್ಜಿ, ಪ್ರತಿಯೊಂದಕ್ಕೂ ಹದಿನೆಂಟು ಪ್ರಶ್ನೆಗಳ ನಮೂನೆ. ಮೊದಲನೆಯದಕ್ಕೆ ಬೆಳಗ್ಗೆಯೇ ಹೋದೆ. ಬಿಸಿಲು ಹೊರಗೆ ಬೆಂಕಿಯಾಗಿತ್ತು, ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದೆ. ಮಧ್ಯಾಹ್ನ ಊಟವಾದ ಮೇಲೆ ಫ್ಯಾನಿನ ಕೆಳಗೆ ಕುಳಿತು ಉಳಿದ ಆರಕ್ಕೂ ಫೋನು ಮಾಡಿದೆ. "ವೆಲ್ಡಿಂಗಿಗೆ ತರಬೇತಿ ಆದವರು ಇದಾರಾ?" "ಇದಾರೆ ಸಾರ್." "ಚಕ್ರದ ಅಳತೆ ನೋಡೋ ಮೆಷಿನ್ ಇದೆಯಾ?" "ಇದೆ ಸಾರ್." ಸಂಜೆಯ ಚಹಾ ಬರುವಷ್ಟರಲ್ಲಿ ಆರೂ ಮುಗಿದವು. ಖುದ್ದು ನೋಡಿದ ಆ ಮೊದಲನೆಯದನ್ನು ಮಾತ್ರ ನಾನು ಅನುಮೋದಿಸಲಿಲ್ಲ. ಯಾಕೆಂದರೆ ಅಲ್ಲಿಗೆ ಹೋಗಿದ್ದೆನಲ್ಲ, ಕೊರತೆಗಳು ಕಣ್ಣಿಗೆ ಬಿದ್ದಿದ್ದವು. ಹೋಗದ ಕಡೆ ಕೊರತೆ ಹೇಗೆ ಕಾಣುತ್ತದೆ? ಆ ಆರೂ ಕಡೆ ಎಲ್ಲವೂ ಸರಿಯಾಗಿಯೇ ಇತ್ತು.

ಈಗ ನನ್ನ ಹೆಂಡತಿಯ ವಿಷಯ. ಆಕೆ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಇಪ್ಪತ್ತಾರು ವರ್ಷಗಳಿಂದ ಹಿಂದೆ ಟೂಲ್ ಬಾಕ್ಸ್ ಕಟ್ಟಿಕೊಂಡು, ತನ್ನ ಬೈಕಿನಲ್ಲಿ ಟೈಲರ್ ಅಂಗಡಿಗಳಿಗೂ ಆಸ್ಪತ್ರೆಯ ಹೊಲಿಗೆ ಕೋಣೆಗೂ ಓಡಾಡಿದವಳು. ಹೋದ ವರ್ಷ ಒಂದು ಅಂಗಡಿಯ ಮೆಟ್ಟಿಲಿಳಿಯುವಾಗ ಕೈಯಲ್ಲಿದ್ದ ಯಂತ್ರವನ್ನು ಉಳಿಸಲು ಹೋಗಿ ಎಡ ಮಂಡಿ ಮುರಿದುಕೊಂಡಳು. ಯಂತ್ರಕ್ಕೆ ಏನೂ ಆಗಲಿಲ್ಲ ಎಂದು ಈಗಲೂ ಜಂಬದಿಂದ ಹೇಳುತ್ತಾಳೆ. ಸಿಗ್ನಲ್ಲಿನಲ್ಲಿ ನಿಂತಾಗ ಬೈಕಿನ ಭಾರವನ್ನು ಆ ಕಾಲು ಇನ್ನು ತಡೆಯುವುದಿಲ್ಲ, ಒಂದೋ ಓಡಿಸುವುದನ್ನು ಬಿಡಿ, ಇಲ್ಲವೇ ಬೀಳದಂಥ ಗಾಡಿ ನೋಡಿಕೊಳ್ಳಿ ಎಂದರು ಡಾಕ್ಟರು. ಬಿಡುವ ಮಾತನ್ನು ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಅಂದಿನಿಂದ ನಮ್ಮ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ. ಹಳೇ ಪೇಪರುಗಳ ಬೆನ್ನ ಮೇಲೆಲ್ಲ ಆಕೆಯ ನಕ್ಷೆಗಳು. ಹಿಂದಿನ ಎರಡು ಚಕ್ರಗಳ ನಡುವೆ ಎಷ್ಟು ಅಗಲ ಇರಬೇಕು, ನಮ್ಮ ಗೇಟಿನಲ್ಲಿ ತೂರುತ್ತದೋ ಇಲ್ಲವೋ ಎಂದು ದಾರ ಹಿಡಿದು ಅಳೆದಳು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು, ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಗಾಡಿ ತಿರುಗದೆ ನೇರ ನುಗ್ಗುತ್ತದೆ, ಅದಕ್ಕೆ ನಡುವೆ ಡಿಫರೆನ್ಶಿಯಲ್ ಬೇಕೇ ಬೇಕು ಎಂದು ನನಗೇ ಪಾಠ ಮಾಡಿದಳು. ಭಾರದ ಗಾಡಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಲಾಗುವುದಿಲ್ಲ, ರಿವರ್ಸ್ ಗೇರೂ ಬೇಕು ಎಂದಳು. ಎಲ್ಲವನ್ನೂ ಪ್ರಶ್ನಿಸಿದವಳು ಒಂದನ್ನು ಮಾತ್ರ ಪ್ರಶ್ನಿಸಲಿಲ್ಲ. ನಿಮ್ಮ ಕಾರಿಡಾರಿನ ಪಟ್ಟಿಯ ಫೋಟೋ ಹಿಡಿದುಕೊಂಡು ಬಂದು, "ಯಾರ ಹತ್ರ ಮಾಡಿಸೋದು ಅನ್ನೋ ತಲೆನೋವೊಂದು ತಪ್ಪಿತು ನೋಡಿ. ನಿಮ್ಮ ಸಹಿನೇ ಇದೆ," ಎಂದಳು. ಅವಳ ಮುಖದಲ್ಲಿ ನನ್ನ ಬಗ್ಗೆ ಎಷ್ಟು ಅಭಿಮಾನವಿತ್ತೆಂದರೆ ನಿಜ ಹೇಳುವುದನ್ನು ಮುಂದೂಡಿದೆ. "ಆದ್ರೂ ಒಂದ್ಸಲ ನೋಡ್ಕೊಂಡು ಬರೋಣ," ಎಂದಷ್ಟೇ ಹೇಳಿದೆ. ಆಗಲೇ ಹೇಳಬೇಕಿತ್ತು.

ಪಟ್ಟಿಯ ಮೊದಲ ವಿಳಾಸದಲ್ಲಿ ಫ್ಲೆಕ್ಸ್ ಬೋರ್ಡ್ ಮುದ್ರಿಸುತ್ತಿದ್ದರು. ಇಲ್ಲಿ ಗ್ಯಾರೇಜು ಇತ್ತಲ್ಲ ಎಂದರೆ, "ಐದು ವರ್ಷದಿಂದ ನಾವೇ ಇದೀವಿ. ಅವರು ಇಲ್ಲಿ ಬೋರ್ಡ್ ಮಾಡಿಸ್ಕೊಂಡು ಹೋಗಿದ್ರು, ಅಷ್ಟೆ," ಎಂದರು. ನನ್ನ ಹೆಂಡತಿ ನಕ್ಕಳು. ನಾನೂ ನಕ್ಕೆ. ಎರಡನೆಯದು ನಿಜಕ್ಕೂ ಗ್ಯಾರೇಜು. ವಿಶಾಲವಾದ ಶೆಡ್ಡು, ವಿನಯದ ಮಾಲೀಕ, ಕುಳಿತುಕೊಳ್ಳಲು ಮೆತ್ತನೆಯ ಕುರ್ಚಿ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ನನ್ನ ತನಿಖಾ ನಮೂನೆ ನೇತಾಡುತ್ತಿತ್ತು, ಹದಿನೆಂಟೂ ಉತ್ತರಗಳು ನನ್ನದೇ ಕೈಬರಹದಲ್ಲಿ. ಆಕೆ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದಳು. ಒಂಬತ್ತನೆಯದಕ್ಕೆ ಬಂದು ಶೆಡ್ಡಿನ ಸುತ್ತ ಕಣ್ಣಾಡಿಸಿದಳು.

"ಚಕ್ರದ ಅಳತೆ ನೋಡೋ ಮೆಷಿನ್ ಇದೆ ಅಂತ ಬರೆದಿದೆ. ಎಲ್ಲಿದೆ ಅದು?"

ಮಾಲೀಕ ತಲೆ ಕೆರೆದುಕೊಂಡ. ಪಕ್ಕದಲ್ಲಿ ನಿಂತಿದ್ದವನೇ ಆ ನಮೂನೆ ಬರೆದವನೆಂದು ಅವನಿಗೆ ಗೊತ್ತಿರಲಿಲ್ಲ. ಮುಖ ನೋಡಿದ್ದರೆ ತಾನೇ ಗೊತ್ತಾಗುವುದು? "ಸುಳ್ಳು ಹೇಳಬಾರದು ಮೇಡಂ. ಆ ಸಾಹೇಬ್ರು ಫೋನಲ್ಲಿ ಕೇಳಿದ್ರು. ಬುಕ್ ಮಾಡಿದೀವಿ, ಬರುತ್ತೆ ಅಂದೆ. ಅವ್ರು ಇದೆ ಅಂತ ಬರ್ಕೊಂಡ್ರು. ಆಮೇಲೆ ಯಾರೂ ಬರ್ಲಿಲ್ಲ, ಅದೂ ಬರ್ಲಿಲ್ಲ. ನಾವು ದಾರ ಕಟ್ಟಿ ನೋಡ್ತೀವಿ."

"ಫೋನಲ್ಲಾ?" ಎಂದಳು ನನ್ನ ಹೆಂಡತಿ. ಅವನನ್ನು ಕೇಳಿದಂತಿತ್ತು, ನೋಡಿದ್ದು ನನ್ನನ್ನು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಮಂಡಿ ನೀವಿಕೊಳ್ಳುತ್ತಾ ಕೇಳಿದಳು: "ಆರರಲ್ಲಿ ಎಷ್ಟು ಕಡೆ ಹೋಗಿದ್ರಿ?"

"ಒಂದು ಕಡೆಗೂ ಇಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. "ಮತ್ತೆ ನೀವು ಹೋಗಿ ನೋಡಿದ್ದು ಅಂತ ಒಂದಾದ್ರೂ ಇದೆಯಾ?" ಎಂದಳು. ಇದೆ, ಆದರೆ ಅದನ್ನು ತಿರಸ್ಕರಿಸಿದ್ದೆ ಎಂದೆ. "ಹಾಗಾದ್ರೆ ಅಲ್ಲಿಗೇ ಹೋಗೋಣ. ನೀವು ಕಣ್ಣಾರೆ ನೋಡಿ ಬರೆದಿರೋದು ಅದೊಂದೇ ತಾನೇ?"

ಅದು ಲೇತ್ ಕೆಲಸಗಾರರೊಬ್ಬರ ಗ್ಯಾರೇಜು. ಹಿಂದೆ ತರಬೇತಿ ಶಾಲೆಯಲ್ಲಿ ಕಲಿಸುತ್ತಿದ್ದರಿಂದ ಎಲ್ಲರಿಗೂ ಮೇಷ್ಟ್ರು. ನನ್ನ ವರದಿಯನ್ನು ನೀವು ಕಪಾಟಿನಿಂದ ತೆಗೆಸಿ ನೋಡಬಹುದು: ವೆಲ್ಡಿಂಗ್ ಅತ್ಯುತ್ತಮ, ಡಿಫರೆನ್ಶಿಯಲ್ ಜೋಡಣೆ ಸಮರ್ಪಕ, ಅಳತೆಯ ಯಂತ್ರ ಸುಸ್ಥಿತಿಯಲ್ಲಿದೆ. ಆದರೆ ನಾಮಫಲಕವಿಲ್ಲ, ಬೆಂಕಿ ಆರಿಸುವ ಸಿಲಿಂಡರ್ ಇಲ್ಲ, ಗ್ರಾಹಕರಿಗೆ ಆಸನ ವ್ಯವಸ್ಥೆ ಇಲ್ಲ. ಆದ್ದರಿಂದ ಶಿಫಾರಸು ಇಲ್ಲ. ಮೇಷ್ಟ್ರು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕೋಪವಿರಲಿಲ್ಲ. "ಬೋರ್ಡ್ ಹಾಕ್ಸಿದೀನಿ ಸಾರ್, ನೋಡಿದ್ರಾ? ಸಿಲಿಂಡರೂ ತಂದೆ. ಬೆಂಚೂ ಇದೆ, ಕೂತ್ಕೊಳಿ," ಎಂದರು. ಎಲ್ಲ ಸರಿಪಡಿಸಿ ಮತ್ತೆ ಅರ್ಜಿ ಹಾಕಿದ್ದರಂತೆ. ಪಟ್ಟಿ ಪೂರ್ಣಗೊಂಡಿದೆ ಎಂದು ನಿಮ್ಮ ಕಚೇರಿ ಉತ್ತರಿಸಿತಂತೆ.

ಆಮೇಲೆ ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದರು. ಟೂಲ್ ಬಾಕ್ಸ್ ಎಷ್ಟು ಭಾರ? ಅದನ್ನು ದಿನಕ್ಕೆ ಎಷ್ಟು ಸಲ ಇಳಿಸುತ್ತೀರಿ? ಮಂಡಿ ಯಾವುದು, ಎಡವಾ? "ಗೇರ್ ಹಾಕೋದೂ ಎಡಗಾಲಲ್ಲೇ ಅಲ್ವೇನಮ್ಮ? ಮೂರು ಚಕ್ರ ಹಾಕಿದ್ರೆ ಬೀಳಲ್ಲ, ಸರಿ. ಆದ್ರೆ ದಿನಕ್ಕೆ ಇನ್ನೂರು ಸಲ ಆ ಮಂಡಿ ಮಡಚ್ತೀರಲ್ಲ, ಅದಕ್ಕೇನು ಮಾಡೋದು? ಗೇರನ್ನ ಕೈಗೆ ತಂದುಬಿಡೋಣ." ವಾರಗಟ್ಟಲೆ ನಕ್ಷೆ ಬರೆದ ಆಕೆಗೂ ಅದು ಹೊಳೆದಿರಲಿಲ್ಲ, ಮೂವತ್ತೊಂದು ವರ್ಷ ವಾಹನ ನೋಡಿದ ನನಗೂ ಹೊಳೆದಿರಲಿಲ್ಲ. ತಿರುವಿನಲ್ಲಿ ಈ ಗಾಡಿ ಬಾಗುವುದಿಲ್ಲ, ಹ್ಯಾಂಡಲ್ಲನ್ನೇ ತಿರುಗಿಸಬೇಕು, ಹಳೇ ಅಭ್ಯಾಸ ಮರೆಯಲು ಒಂದು ತಿಂಗಳು ಬೇಕು, ಅಲ್ಲಿಯವರೆಗೆ ಭಾರ ಹೇರಿಕೊಂಡು ಓಡಿಸಬೇಡಿ ಎಂದೂ ಹೇಳಿದರು. ಕೊನೆಗೆ, "ಕೆಲಸ ನಾನು ಮಾಡ್ಕೊಡ್ತೀನಿ. ಆದ್ರೆ ನಾನು ಮಾಡಿದ್ದನ್ನ ಅವರು ನೋಂದಣಿ ಮಾಡಲ್ಲ. ಪಟ್ಟಿಯಲ್ಲಿಲ್ಲವಲ್ಲ," ಎಂದು ತಮ್ಮ ಕೈ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ.

ಆ ಸಂಜೆಯೇ ನಿಮಗೆ ಅರ್ಜಿ ಬರೆದೆವು. ಬರೆದವನು ನಾನು, ಸಹಿ ಆಕೆಯದು. "ಕೆಲವು ಗ್ಯಾರೇಜುಗಳಲ್ಲಿ ಸಲಕರಣೆಗಳ ಕೊರತೆ ಕಂಡುಬಂದಿದೆ" ಎಂದು ಬರೆದೆ. ಕೊರತೆ ಹೇಗೆ ಬಂತೆಂದು ಬರೆಯಲಿಲ್ಲ. ಹೆಂಡತಿಯ ಹೆಸರಿನ ಹಿಂದೆ ಅವಿತುಕೊಂಡು ನನ್ನ ತಪ್ಪನ್ನು ನಿಮ್ಮ ಕೈಯಲ್ಲಿ ಸರಿ ಮಾಡಿಸುವ ಉಪಾಯ. ಅದಕ್ಕೆ ನೀವು ಕೊಟ್ಟ ಶಿಕ್ಷೆ ತಕ್ಕದ್ದಾಗಿಯೇ ಇದೆ: ನನ್ನ ಹೆಸರಿಗೆ ಮಸಿ ಬಳಿಯುತ್ತಿದ್ದಾಳೆಂದು ನನ್ನ ಹೆಂಡತಿಗೇ ಛೀಮಾರಿ. ಆಕೆ ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಜೋರಾಗಿ ಓದಿದಳು. ಓದಿ ಮಡಚಿ ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ಉತ್ತರ ಬರೆಯುವ ಮೊದಲು ನಿಮ್ಮಲ್ಲಿ ಒಬ್ಬರಾದರೂ ಆ ಫ್ಲೆಕ್ಸ್ ಅಂಗಡಿಯ ತನಕ ಹೋಗಿದ್ದರೇ? ನಿಮ್ಮ ಕಚೇರಿಯಿಂದ ಅದು ಎರಡು ತಿರುವಿನ ದೂರ. ನಾನು ಗ್ಯಾರೇಜುಗಳನ್ನು ನೋಡದೆ ಸಹಿ ಹಾಕಿದೆ. ನೀವು ನನ್ನನ್ನು ನೋಡದೆ ಸಹಿ ಹಾಕಿದಿರಿ. ಈ ವಿದ್ಯೆಯನ್ನು ನಿಮಗೆ ಕಲಿಸಿಟ್ಟು ಹೋದವನೂ ನಾನೇ ಇರಬೇಕು, ಹಾಗಾಗಿ ನಿಮ್ಮನ್ನು ಬೈಯಲು ನನಗೆ ಮುಖವಿಲ್ಲ.

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ. ಬರೆಸಿದ್ದು ಮೊನ್ನೆ ಬೆಳಗ್ಗೆ ಔಷಧಿ ಅಂಗಡಿಯ ಮುಂದೆ ನಡೆದ ಒಂದು ಘಟನೆ. ಅಲ್ಲಿ ಒಂದು ಮೂರು ಚಕ್ರದ ಬೈಕು ನಿಂತಿತ್ತು, ನೀಲಿ ಟ್ಯಾಂಕು. ಈಚೆಗೆ ಅಂಥದ್ದು ಕಂಡರೆ ಬಗ್ಗಿ ನೋಡುವ ಚಾಳಿ ನನಗೆ. ಬಗ್ಗಿದೆ. ಎಡಚಕ್ರದ ಒಳಗಡೆ, ಆಕ್ಸಲ್ಲನ್ನು ಚೌಕಟ್ಟಿಗೆ ಬೆಸೆದ ಕಡೆ, ವೆಲ್ಡಿಂಗಿನ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ತುಕ್ಕಿನ ಗೆರೆ ಅಲ್ಲಿಂದ ಇಳಿದಿತ್ತು. ಅಷ್ಟರಲ್ಲಿ ಗಾಡಿಯವರು ಬಂದರು, ಒಂದು ಕಾಲು ಎಳೆದು ನಡೆಯುವ ನಡುವಯಸ್ಸಿನ ಮನುಷ್ಯ. ಜೊತೆಗೆ ವಯಸ್ಸಾದ ತಾಯಿ.

"ಚೆನ್ನಾಗಿದೆಯಲ್ವಾ ಸಾರ್?" ಎಂದರು ಖುಷಿಯಿಂದ. "ಎಲ್ಲೆಲ್ಲೋ ಮಾಡಿಸಿದ್ದಲ್ಲ. ಇಲಾಖೆ ಪಟ್ಟಿ ನೋಡಿ, ಅದ್ರಲ್ಲಿರೋ ಕಡೆನೇ ಮಾಡಿಸಿದ್ದು."

ತಾಯಿ ಹಿಂದಿನ ಸೀಟಿಗೆ ಹತ್ತುತ್ತಾ, "ಮೊದಲು ಇವನ ಗಾಡಿ ಹತ್ತೋಕೆ ಜೀವ ಬಾಯಿಗೆ ಬರ್ತಿತ್ತಪ್ಪ. ಈಗ ಧೈರ್ಯ ಬಂದಿದೆ," ಎಂದರು.

ನಾನು "ಚೆನ್ನಾಗಿದೆ" ಎಂದೆ. ಆ ಒಂದೇ ಪದ. ಬಿರುಕಿದೆ ಎಂದರೆ ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ, ಯಾರು ನೀವು ಎನ್ನುತ್ತಾರೆ, ಆಗ ಏನು ಹೇಳಲಿ ಎಂದು ಯೋಚಿಸುತ್ತಾ ತಲೆ ತಗ್ಗಿಸಿ ನಿಂತಿದ್ದೆ. ತಲೆ ಎತ್ತುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಓಡಿದೆ, ಕೂಗಿದೆ, ಕೇಳಿಸಲಿಲ್ಲ. ಮೂವತ್ತೊಂದು ವರ್ಷ ಸಾವಿರಾರು ನಂಬರ್ ಪ್ಲೇಟುಗಳನ್ನು ಓದಿದವನು ಅದೊಂದನ್ನು ಓದಲಿಲ್ಲ. ಔಷಧಿ ಅಂಗಡಿಯವರಿಗೆ ಅವರು ಯಾರೆಂದು ಗೊತ್ತಿಲ್ಲ. ನಿನ್ನೆಯೂ ಇವತ್ತೂ ಆ ಅಂಗಡಿಯ ಮುಂದೆ ನಿಂತಿದ್ದೆ, ಅವರು ಮತ್ತೆ ಬಂದಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ತನ್ನ ನಕ್ಷೆಗಳನ್ನೆಲ್ಲ ಮೇಜಿನಿಂದ ತೆಗೆದು, ಒಂದು ಬಿಳಿ ಹಾಳೆ ಇಟ್ಟು, "ನನ್ನ ಗಾಡಿ ಕಾಯುತ್ತೆ. ಮೊದಲು ಇದನ್ನ ಬರೀರಿ," ಎಂದಳು.

ಆದ್ದರಿಂದ ನನ್ನ ಬೇಡಿಕೆ ಇದು. ಪಟ್ಟಿಯನ್ನು ಇವತ್ತೇ ಕೆಳಗಿಳಿಸಿ. ಏಳೂ ಕಡೆ ಹೋಗಿ ನೋಡಿ. ಕರೆದರೆ ನಾನೂ ಬರುತ್ತೇನೆ, ಬೇಡವೆಂದರೆ ಬಾಗಿಲ ಹೊರಗೆ ನಿಲ್ಲುತ್ತೇನೆ. ನನ್ನ ಮೇಲೆ ಯಾವ ಕ್ರಮ ಬೇಕಾದರೂ ಕೈಗೊಳ್ಳಿ. ನನ್ನ ಹೆಂಡತಿಯ ಅರ್ಜಿ ಎಲ್ಲಕ್ಕಿಂತ ಕೊನೆಗಿರಲಿ. ಆದರೆ ಕಳೆದ ಮೂರು ವರ್ಷಗಳಲ್ಲಿ ಈ ಆರು ಗ್ಯಾರೇಜುಗಳಿಂದ ಹೊರಬಂದ ಪ್ರತಿಯೊಂದು ಗಾಡಿಯ ವಿಳಾಸವೂ ನಿಮ್ಮ ಪುಸ್ತಕದಲ್ಲಿದೆ, ನನ್ನ ಹತ್ತಿರ ಇಲ್ಲ. ಅದರಲ್ಲಿ ನೀಲಿ ಟ್ಯಾಂಕಿನದನ್ನು ಹುಡುಕಿ. ಅವರಿಗೆ ನೋಟಿಸ್ ಕಳಿಸಬೇಡಿ, ಫೋನೂ ಮಾಡಬೇಡಿ. ಯಾರಾದರೂ ಒಬ್ಬರು ಎದ್ದು ಅವರ ಮನೆಯ ತನಕ ಹೋಗಿ, ಆ ತಾಯಿ ಇನ್ನೊಮ್ಮೆ ಹಿಂದಿನ ಸೀಟಿಗೆ ಹತ್ತುವ ಮೊದಲು.

ಇಂತಿ,
ನಿಮ್ಮ ಅರ್ಜಿದಾರರ ಗಂಡ