ಅಕ್ಕ ಎರಡು ಸಲ ಬೇಡ ಎಂದಳು

ಕಡಲೇರಿದ ಇನ್ನೂರ ಹನ್ನೊಂದನೆಯ ವರ್ಷ
ಹದಿಮೂರನೆಯ ತಿಂಗಳು, ಹುಣ್ಣಿಮೆಯ ಮರುದಿನ
ಹಾಲ್ವಿಕ್ ನಡುಗಡ್ಡೆ

ನಾನು ಕಾಣದ ನನ್ನ ಅಕ್ಕನ ಕುಡಿಗಳಿಗೆ,

ಈ ತಾರೀಖು ನಿಮ್ಮ ಲೆಕ್ಕಕ್ಕೆ ಕೂಡದಿದ್ದರೆ ಮನ್ನಿಸಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಹಳೆಯ ಹನ್ನೆರಡರಲ್ಲಿ ಬಿಸಿಲು ಹಿಡಿಸದೇ ಹೋದಾಗ, ವೈಶಾಖದ ಬೆನ್ನಿಗೆ ಬೇಗೆಮಾಸ ಎಂದು ಇನ್ನೊಂದನ್ನು ಹಿರಿಯರು ಸೇರಿಸಿದರು; ಸಾಲಿನಲ್ಲಿ ಮೂರನೆಯದಾದರೂ ಅದನ್ನು ಹದಿಮೂರನೆಯದೆಂದೇ ಕರೆಯುತ್ತೇವೆ. ಆ ತಿಂಗಳು ಹಗಲು ಯಾರೂ ಹೊಸ್ತಿಲು ದಾಟುವುದಿಲ್ಲ. ಮದುವೆ ಮುಂಜಿ ಇಲ್ಲ, ಕಚೇರಿಗಳಿಗೆ ಬೀಗ. ನಾನೀಗ ಇರುವ ಹಾಲ್ವಿಕ್‌ನಲ್ಲಿ ಇದೇ ತಿಂಗಳು ಕಂಬಳಿ ಹೊದ್ದು ಕೂರಬೇಕು, ಆದರೂ ಊರಿನ ಪಂಚಾಂಗ ಬಿಡಲು ನನಗೆ ಮನಸ್ಸಾಗಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ಸರ್ಕಾರ ಹೊಸ ಶಿಕ್ಷೆಗಳನ್ನು ಹುಟ್ಟಿಸಿದಾಗಲೆಲ್ಲ ಅವಕ್ಕೆ ಹೊಸ ಹೆಸರನ್ನೂ ಇಟ್ಟಿತು. ಆ ಹೆಸರುಗಳಿಲ್ಲದೆ ನನ್ನ ಕಥೆ ಹೇಳಲಾಗದು, ಬಂದಲ್ಲಿ ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ನಿಂಬೆವ್ವ. ನಿಮ್ಮ ಮುತ್ತಜ್ಜಿ ಬಂಗಾರಿಯ ತಾಯಿ ಹೊಳೆಬಸವ್ವ ನನ್ನ ಒಡಹುಟ್ಟಿದ ಅಕ್ಕ. ನಮ್ಮದು ಮೂರುಹೊಳೆ ರಾಜ್ಯ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನೀರನ್ನು ಯಾರು ಕೈಯಲ್ಲಿಟ್ಟುಕೊಂಡಿದ್ದರೋ ಅವರೇ ಅಲ್ಲಿ ಸರ್ಕಾರ. ನಾನು ಆ ಸರ್ಕಾರದ ನೀರುಸಾರುವವಳು. ದಿನಾ ನಸುಕಿನಲ್ಲಿ ಅಣೆಕಟ್ಟಿನ ಗೋಪುರ ಹತ್ತಿ, ಕಟ್ಟೆಯಲ್ಲಿ ನೀರೆಷ್ಟಿದೆ, ಯಾವ ಊರಿಗೆ ಎಷ್ಟು ಹೊತ್ತು ಬಿಡುತ್ತಾರೆ ಎಂದು ದೊಡ್ಡ ಕಹಳೆಯಲ್ಲಿ ಓದುವುದು ನನ್ನ ಕೆಲಸ. ಅದನ್ನು ಕೇಳಿದ ಮೇಲೇ ಊರೂರಲ್ಲಿ ಒಲೆ ಹೊತ್ತುತ್ತಿತ್ತು. ಎಷ್ಟು ಹಿಟ್ಟು ನಾದಬೇಕು, ಎಮ್ಮೆಯ ಮೈ ತೊಳೆಯಬಹುದೇ, ಬಾಣಂತಿಗೆ ಇವತ್ತು ಎರೆಯುವುದೋ ನಾಳೆಯೋ, ಎಲ್ಲವನ್ನೂ ಹೆಂಗಸರು ನನ್ನ ದನಿ ಕೇಳಿ ತೀರ್ಮಾನಿಸುತ್ತಿದ್ದರು. ಇಂಥ ಕೆಲಸದವಳಿಗೆ ಮೇಲಿನವರು ಸುಳ್ಳು ಬರೆದು ಕೊಡುತ್ತಿದ್ದರು. ಕಟ್ಟೆ ಅರ್ಧ ತುಂಬಿದ್ದಾಗ ತಳ ಕಂಡಿದೆ ಎಂದು ಓದಬೇಕು. ಉಳಿದ ನೀರು ಗುಡ್ಡದ ಮೇಲಿನ ದೊಡ್ಡವರ ತೋಟಗಳಿಗೆ. ಬಹಳ ಕಾಲ ಓದಿದೆ, ಸಂಬಳ ತಿಂದೆ. ಒಂದು ದಿನ ನಿಜ ಓದಿಬಿಟ್ಟೆ. ಇಲ್ಲಿ ನನ್ನ ಪರವಾಗಿ ಮಾತಾಡುವವರು ಅದನ್ನು ದೊಡ್ಡ ಧೈರ್ಯ ಎನ್ನುತ್ತಾರೆ. ಹಿಂದಿನ ದಿನ ಮೇಲಧಿಕಾರಿ ಎಲ್ಲರ ಎದುರು ನನಗೆ ಬಾಯಿಗೆ ಬಂದಂತೆ ಬೈದಿದ್ದ. ಅರ್ಧ ಜನರಿಗಾಗಿ, ಅರ್ಧ ಅವನ ಮೇಲಿನ ಸಿಟ್ಟಿಗೆ ಓದಿದೆ ಎಂದು ನಿಮ್ಮ ಹತ್ತಿರ ಹೇಳಬಹುದು.

ಆ ಅಪರಾಧಕ್ಕೆ ಶಿಕ್ಷೆ ಹೂಳುವಾಸ. ಅಣೆಕಟ್ಟಿನ ತಳದಲ್ಲಿ ಸೊಂಟದವರೆಗೆ ಇಳಿದು ಹೂಳು ಎತ್ತುವ ಕೆಲಸ ಅದು. ಅವಧಿ ಮುಗಿಸಿ ಎದ್ದು ಬಂದವರನ್ನು ನಾನು ಬೆರಳೆಣಿಕೆಯಷ್ಟೂ ಕಂಡಿಲ್ಲ. ಹಿಡಿಯಲು ಬರುತ್ತಾರೆಂಬ ಸುದ್ದಿ ಸಿಕ್ಕಿದ ಕೂಡಲೇ ಓಡಿದೆ. ಹಳೆಯ ಕಾರವಾರ ಮುಳುಗಿದ ಮೇಲೆ ಕಡಲು ಘಟ್ಟದ ಬುಡಕ್ಕೆ ಬಂದಿದೆ, ಹಡಗುಕಟ್ಟೆ ಈಗ ಕದ್ರಾದಲ್ಲಿ. ಅಲ್ಲಿ ಕೂದಲು ಕತ್ತರಿಸಿ, ಚಲ್ಲಣ ತೊಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು ಹಮಾಲನ ವೇಷದಲ್ಲಿ ಮೂಟೆ ಹೊರುವವರ ಸಾಲಿನಲ್ಲಿ ನಿಂತಿದ್ದೆ. ಅಕ್ಕನಿಗೆ ಮಾತ್ರ ಹೇಳಿದ್ದೆ, ಕಟ್ಟೆಯ ಹತ್ತಿರ ಸುಳಿಯಬೇಡ ಎಂದೂ ಹೇಳಿದ್ದೆ. ಅವಳು ಬಂದಳು. ನಮ್ಮ ಕಡೆ ದೂರ ಹೋಗುವ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ವೀಳ್ಯದೆಲೆ, ಅರಿಶಿನದ ಬೇರು, ಇಷ್ಟನ್ನು ಸೆರಗಿಗೆ ಹಾಕಿ ಗಂಟು ಕಟ್ಟಿಸಬೇಕು. ಅಕ್ಕಿಯ ಮುಖ ನೋಡದ ಆ ಬರಗಾಲದಲ್ಲಿ ಅವಳು ಅದನ್ನೆಲ್ಲ ಎಲ್ಲಿಂದ ಹೊಂದಿಸಿದಳೋ! ನಾನು ಕಣ್ಣಲ್ಲೇ ಹೋಗು ಎಂದೆ. ಅವಳು ನನ್ನ ಎದುರಿಗೇ ನಿಂತು, "ಬರಿ ಉಡೀಲೆ ಹೆಂಗ ಕಳಸ್ಲಿ ನಿನ್ನ? ಒಡ್ಡು" ಎಂದಳು. ಒಡ್ಡಲು ಸೆರಗಿಲ್ಲ. ನಾನು ವಲ್ಲಿ ಒಡ್ಡಿದೆ. ಬೇಡ ಎಂದು ಮುಖ ತಿರುಗಿಸಿ ಮೂಟೆ ಎತ್ತಿಕೊಂಡು ಹೋಗಿದ್ದರೆ ನೋಡಿದವರಿಗೆ ಅವಳು ಯಾರೋ, ನಾನು ಯಾರೋ. ಮೀಸೆ ಬರೆದುಕೊಂಡ ಹಮಾಲನಿಗೆ ಮುತ್ತೈದೆಯೊಬ್ಬಳು ಉಡಿ ತುಂಬುವುದನ್ನು ಕಟ್ಟೆಯ ಮೇಲಿದ್ದವರೆಲ್ಲ ಬಾಯಿ ಬಿಟ್ಟು ನೋಡಿದರು. ಕಾವಲಿನವರ ತಲೆಗೆ ಹೊಳೆಯುವಷ್ಟರಲ್ಲಿ ನಾನು ಹತ್ತಿದ್ದ ಹಡಗು ಹಗ್ಗ ಬಿಚ್ಚಿತ್ತು.

ಇಲ್ಲಿ ಬದಲಾಳು ಕಾಯಿದೆ ಎಂದರೇನೆಂದು ಹೇಳಬೇಕು. ಓಡಿಹೋದವರು ಸಿಗದಿದ್ದರೆ, ಗೊತ್ತಿದ್ದೂ ಅವರನ್ನು ಬೀಳ್ಕೊಟ್ಟ ಬಂಧು ಒಬ್ಬರನ್ನು ಹಿಡಿದಿಡಬಹುದು. ಗೊತ್ತಿಲ್ಲದವರನ್ನು ಮುಟ್ಟುವಂತಿಲ್ಲ. ನನಗೇನೂ ತಿಳಿಯದು ಎಂದು ಅಕ್ಕ ಹೇಳಿದ್ದರೆ ಬಿಡಲೇಬೇಕಿತ್ತು, ಆದರೆ ಉಡಿ ತುಂಬಿದ್ದನ್ನು ಇಡೀ ಕಟ್ಟೆ ನೋಡಿತ್ತು. ಅವಳನ್ನು ಬದಲಾಳು ಮನೆಗೆ ಹಾಕಿದರು. ಅದು ಜೈಲಲ್ಲ. ಊಟವಿದೆ, ಅಂಗಳವಿದೆ, ಬಂಗಾರಿ ಹೋಗಿ ನೋಡಿಕೊಂಡು ಬರಬಹುದು. ಆದರೆ ಅದು ನನ್ನ ವ್ಯಾಜ್ಯ ಮುಗಿಯುವ ತನಕ. ನನ್ನನ್ನು ಒಪ್ಪಿಸಬೇಕೆಂದು ನಮ್ಮ ಸರ್ಕಾರ ಹಾಲ್ವಿಕ್‌ಗೆ ಬೇಡಿಕೆ ಕಳಿಸಿದೆ. ನಾನು ವಾಪಸ್ ಹೋದರೆ ಅಕ್ಕ ಬಿಡುಗಡೆ. ಹಾಲ್ವಿಕ್ ನನಗೆ ಆಶ್ರಯ ಕೊಟ್ಟರೆ ಬೇಡಿಕೆ ಬಿದ್ದುಹೋಗುತ್ತದೆ, ನನ್ನ ಹೂಳುವಾಸ ಅಕ್ಕನಿಗೆ ದಾಟುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಸರ್ಕಾರ ಎಂದೂ ಮಾತು ತಪ್ಪಿದ್ದಿಲ್ಲ. ತಪ್ಪಿದರೆ ಯಾರು ತಾನೇ ತಿರುಗಿ ಬರುತ್ತಾರೆ? ಇಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಮುಧೋಳದ ಫಕೀರಸಾಬ ಮೇಷ್ಟ್ರು ಇದ್ದರು. ತಮ್ಮ ಬದಲಾಳಾಗಿದ್ದಾನೆ ಎಂದು ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಹೊರಟೇಬಿಟ್ಟರು. ಅವರು ಕದ್ರಾದಲ್ಲಿ ಇಳಿದ ಸಂಜೆಯೇ ಅವರ ತಮ್ಮ ಬಿಡುಗಡೆಯಾಗಿ ಮನೆ ಸೇರಿದ. ಮಳೆಗಾಲ ಕಳೆಯುವ ಮೊದಲು ಮೇಷ್ಟ್ರು ಹೂಳಿನಲ್ಲಿ ತೀರಿಕೊಂಡರು. ಹೊರಡುವ ದಿನ ಅವರು ನನ್ನ ಬಾಗಿಲು ತಟ್ಟಿದ್ದರು. ನಾನು ಒಳಗೇ ಕೂತಿದ್ದೆ, ತೆಗೆಯಲಿಲ್ಲ.

ಹಾಲ್ವಿಕ್‌ನವರ ಬಗ್ಗೆ ಕೆಟ್ಟ ಮಾತಾಡಿದರೆ ನನ್ನ ನಾಲಿಗೆ ಬಿದ್ದುಹೋದೀತು. ಮಿತಭಾಷಿಗಳು, ಕಾಯ್ದೆಗೆ ನಿಂತ ಜನ. ನಮ್ಮಂಥವರಿಗೆಂದೇ ಕಡಲ ಅಂಚಿಗೆ ಆಶ್ರಯಕೇರಿ ಕಟ್ಟಿದ್ದಾರೆ. ಗೋಡೆಯೊಳಗೆ ಬಿಸಿನೀರು ಹರಿಯುತ್ತದೆ, ಕಿಟಕಿಗೆ ಮೂರು ಪದರ ಗಾಜು. ನನಗೆ ಗಾಜುತೋಟದಲ್ಲಿ ಕೆಲಸ. ಅಲ್ಲಿ ಬದನೆ, ಮೆಂತ್ಯ ಬೆಳೆಯುತ್ತೇನೆ. ಮೆಂತ್ಯವನ್ನು ಅವರು ಹೂವಿನ ಕುಂಡದಲ್ಲಿಟ್ಟು ನೋಡುತ್ತಾರೆಯೇ ಹೊರತು ತಿನ್ನುವುದಿಲ್ಲ, ಹಾಗಾಗಿ ಪಲ್ಯ ಪೂರ್ತಿ ನನಗೇ. ಹಾಲು ತರುವ ಸಿಗ್ನಿ ಎಂಬ ಮುದುಕಿ ಜ್ವರ ಬಂದಾಗ ನನ್ನ ಕಾಲು ಒತ್ತಿದ್ದಾಳೆ. ಒಂದು ವಿಷಯದಲ್ಲಿ ಮಾತ್ರ ಬಂದ ಹೊಸದರಲ್ಲಿ ನನ್ನನ್ನು ಉಪವಾಸ ಕೆಡವಿದರು. ಊಟಕ್ಕೆ ಕರೆದು ಇನ್ನಷ್ಟು ಹಾಕಲೇ ಎಂದು ಕೇಳುವರು, ನಾನು ಬೇಡ ಬೇಡ ಎನ್ನುವೆನು, ಅವರು ಪಾತ್ರೆ ಮುಚ್ಚಿ ಒಳಗಿಡುವರು! ಇಲ್ಲಿ ಬೇಡ ಎಂದರೆ ಬೇಡ. ನಮ್ಮಲ್ಲಿ ಹಾಗೆಯೇ? ಮೊದಲ ಸಲಕ್ಕೇ ಹೂಂ ಅಂದರೆ ಅವ್ವ ತೊಡೆ ಚಿವುಟುತ್ತಿದ್ದಳು. ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಮೂರನೆಯ ಸಲ ಕೇಳುವುದು ಬಡಿಸುವವರ ಧರ್ಮ. ಆ ಮೂರನೆಯದಕ್ಕೆ ಬರುವುದೇ ನಿಜವಾದ ಉತ್ತರ. ಇದರಲ್ಲಿ ಅಕ್ಕನಷ್ಟು ಗಟ್ಟಿ ಯಾರೂ ಇರಲಿಲ್ಲ. ಚಿಕ್ಕವರಿದ್ದಾಗ ಒಮ್ಮೆ ಪೇಟೆಯ ಯಾರದೋ ಮನೆಯಲ್ಲಿ ಒಂದೇ ಸಲ ಕೇಳಿ ಹೋಳಿಗೆಯ ತಟ್ಟೆ ಒಳಗೆ ಒಯ್ದರು. ಅವಳು ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ಬಂದಳು, ಮೊದಲ ಸಲಕ್ಕೇ ಹೂಂ ಅಂದಿದ್ದ ನಾನು ನನ್ನ ಪಾಲಿನ ಹೋಳಿಗೆಯನ್ನು ಲಂಗದಲ್ಲಿ ಕಟ್ಟಿ ತಂದಿದ್ದೆ ಎಂದು ಗೊತ್ತಿದ್ದೂ ಕೇಳಲಿಲ್ಲ.

ಈಗ ಹೇಳಲೇಬೇಕಾದದ್ದಕ್ಕೆ ಬಂದೆ. ಹಾಲ್ವಿಕ್‌ನ ಕಾನೂನಿನಲ್ಲಿ ಒಂದು ಕರಾರು ಇದೆ: ಬದಲಾಳಾಗಿ ಇರುವವರು ಒಲ್ಲೆ, ಅವರೇ ತಿರುಗಿ ಬರಲಿ ಎಂದರೆ ಓಡಿಬಂದವರಿಗೆ ಆಶ್ರಯವಿಲ್ಲ. ತಮ್ಮ ದಯೆಯ ಬೆಲೆಯನ್ನು ಇನ್ನೊಬ್ಬರು ತೆರಬಾರದು ಎಂಬುದು ಅವರ ನ್ಯಾಯ. ಆದ್ದರಿಂದ ಅಕ್ಕನಿಗೆ ಕೇಳಿ ಕಳಿಸಿದರು. ಅವಳ ಉತ್ತರ ಉಸಿರೋಲೆಯಲ್ಲಿ ಬಂತು. ಉಸಿರೋಲೆ ಎಂದರೆ ದನಿ, ಉಸಿರು, ಹಿಂದಿನ ಸದ್ದು ಎಲ್ಲವನ್ನೂ ಇದ್ದ ಹಾಗೇ ಹೊತ್ತು ತರುವ ಸಣ್ಣ ಬಿಲ್ಲೆ. ಆಶ್ರಯದ ಪಂಚರು ಐದು ಜನ ಸುತ್ತ ಕೂತಿದ್ದರು, ನಾನು ನಡುವೆ. ಬಿಲ್ಲೆ ಮಾತಾಡಿತು. "ನೀ ಬರಬ್ಯಾಡ ನಿಂಬಿ. ನಂಗ ಇಲ್ಲೆ ಏನೂ ಕಡಿಮಿ ಇಲ್ಲ. ಮೊಣಕಾಲು ಸುಮಾರ ಅದ, ಆದ್ರ ಅದು ಮನ್ಯಾಗಿದ್ರೂ ಇರೋದ. ಬರಬ್ಯಾಡ." ಹಿಂದೆ ಯಾವುದೋ ಕೋಳಿ ಕೂಗುತ್ತಿತ್ತು. ಮಾತು ಮುಗಿದ ಮೇಲೂ ಅವಳು ಬಿಲ್ಲೆಯನ್ನು ಕೂಡಲೇ ಮುಚ್ಚಿರಲಿಲ್ಲ, ಉಸಿರು ಕೇಳುತ್ತಲೇ ಇತ್ತು. ಮುಂದಿನ ಮಾತಿಗೆ ಕಾಯುವವರು ಹಾಗೆ ಉಸಿರಾಡುತ್ತಾರೆ. ಮೂರನೆಯ ಸಲ ಕೇಳಬೇಕಾದವಳು ನಾನು, ಅಲ್ಲಿರಲಿಲ್ಲ.

ಅನುವಾದ ಮಾಡುವವನು ಒಂದಕ್ಷರ ತಪ್ಪಿಲ್ಲದೆ ಅವರ ಭಾಷೆಗೆ ತಿರುಗಿಸಿದ. ಪಂಚರ ಹಿರಿಯಳು ನನ್ನನ್ನು ಕೇಳಿದಳು, ಇದು ನಿಮ್ಮ ಅಕ್ಕನ ನಿಜವಾದ ಇಚ್ಛೆಯೇ, ನಿಮ್ಮ ಜನರ ಮಾತು ನಮಗಿಂತ ನಿಮಗೆ ಗೊತ್ತು, ಅನುಮಾನವಿದ್ದರೆ ಮತ್ತೊಮ್ಮೆ ಕೇಳಿ ಕಳಿಸೋಣ ಎಂದು. ಎಷ್ಟು ಒಳ್ಳೆಯವರು ನೋಡಿ, ನನಗಾಗಿ ಬಾಗಿಲು ತೆರೆದು ಹಿಡಿದಿದ್ದರು. ಹೌದು, ಇದೇ ಅವಳ ಇಚ್ಛೆ ಎಂದೆ. ಮತ್ತೆ ಕೇಳುವ ಅಗತ್ಯವಿಲ್ಲ ಎಂದೆ. ಒಬ್ಬ ಪಂಚನ ಕಣ್ಣಲ್ಲಿ ನೀರು ಬಂತು. ಇಂಥ ಅಕ್ಕನನ್ನು ಪಡೆದ ನಾನು ಪುಣ್ಯವಂತೆ ಎಂದ. ನಾನು ತಲೆ ತಗ್ಗಿಸಿದೆ. ಅದು ದುಃಖಕ್ಕೆಂದು ಅವರು ತಿಳಿದರು.

ಮೂರನೆಯ ಸಲ ಕೇಳಿದರೂ ಅವಳು ಬೇಡ ಎಂದೇ ಹೇಳುತ್ತಿದ್ದಳು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇರಬಹುದು. ಅಕ್ಕ ಅಷ್ಟು ದೊಡ್ಡವಳು ಇದ್ದರೂ ಇರಬಹುದು. ಆದರೆ ಹಾಗೆ ನಂಬಿದ್ದವಳು ಕೇಳಲು ಯಾಕೆ ಹೆದರಬೇಕಿತ್ತು? ಬಾ ಎಂದುಬಿಟ್ಟರೆ ಎಂಬ ಹೆದರಿಕೆ ಅದು. ಹೂಳಿನ ಹೆದರಿಕೆ ಇದೆ, ಸುಳ್ಳಲ್ಲ. ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ. ನನಗೆ ಇಲ್ಲಿ ಹಿತವಾಗಿದೆ. ಬಿಸಿ ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಸಿಗ್ನಿಯ ಹಾಲು, ಯಾರೂ ಸುಳ್ಳು ಓದಿಸದ ಬೆಳಗು. ಅಕ್ಕ ಬದಲಾಳು ಮನೆಯಲ್ಲಿದ್ದ ಈ ದಿನಗಳಲ್ಲೇ ನಾನು ಮೈ ತುಂಬಿಕೊಂಡಿದ್ದೇನೆ. ಕನ್ನಡಿ ನೋಡಿದರೆ ನನಗೇ ಅಸಹ್ಯವಾಗುತ್ತದೆ, ಆದರೂ ಹಸಿವಾಗುತ್ತದೆ.

ಸುಳ್ಳು ಹೇಳಿ ಪಡೆದ ಆಶ್ರಯವನ್ನು ಹಾಲ್ವಿಕ್ ಮೂರು ತಲೆಮಾರಿನವರೆಗೆ ಹಿಂದಕ್ಕೆ ಪಡೆಯಬಹುದು. ನಾಲ್ಕನೆಯದಕ್ಕೆ ಆ ಅಧಿಕಾರ ತೀರುತ್ತದೆ. ಇಲ್ಲಿನ ಹಿಮಗೂಡಿನಲ್ಲಿ, ಅಂದರೆ ಕರಗದ ಮಂಜಿನೊಳಗೆ ಕೊರೆದ ಗೂಡಿನಲ್ಲಿ, ನಮ್ಮಂಥವರು ಒಂದು ಪೊಟ್ಟಣ ಇಡಬಹುದು. ಯಾವ ತಲೆಮಾರಿಗೆ ಎಂದು ಹೇಳಿದರೆ ವಾರಸುದಾರರನ್ನು ಹುಡುಕಿ ತಲುಪಿಸುತ್ತಾರೆ. ನಾನು ನಾಲ್ಕನೆಯದು ಎಂದು ಬರೆಸಿದ್ದೇನೆ. ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಜ ಹೇಳುವುದಕ್ಕೂ ನನಗೆ ಅಪಾಯವಿಲ್ಲದ ಕಾಲವನ್ನೇ ಆರಿಸಿಕೊಂಡವಳು ನಿಮ್ಮ ಈ ಅಜ್ಜಿ.

ನಾನು ಸತ್ಯಕ್ಕಾಗಿ ದೇಶ ಬಿಟ್ಟವಳೆಂದು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದರೆ ಅದನ್ನು ನಿಲ್ಲಿಸಿ. ನಿಮ್ಮ ಮನೆಯ ಯಾವ ಮಗುವಿಗೂ ನನ್ನ ಹೆಸರು ಇಡಬೇಡಿ, ಅಕ್ಕನ ಹೆಸರಿಡಿ. ನಿಮ್ಮ ಕಾಲದಲ್ಲೂ ಓಡಿಬಂದವರು ಇರುತ್ತಾರೆ. ಅವರನ್ನು ಒಳಗೆ ಕರೆದುಕೊಳ್ಳಿ, ನನ್ನ ಕಥೆ ನೆನೆದು ಬಾಗಿಲು ಮುಚ್ಚಬೇಡಿ. ಹೂಳಿಗೆ ಯಾರನ್ನೂ ಒಪ್ಪಿಸಬಾರದು, ನನ್ನಂಥವಳನ್ನೂ. ಆದರೆ ಅವರಿಗಾಗಿ ಹಿಂದೆ ಉಳಿದವರು ಯಾರೆಂದು ಕೇಳಿ, ಅವರ ಹೆಸರನ್ನೂ ದಿನಾ ಹೇಳಿಕೊಳ್ಳಿ. ಅಕ್ಕ ಹೂಳಿನಿಂದ ಎದ್ದು ಬಂದಳೋ ಇಲ್ಲವೋ ನಿಮಗೆ ಗೊತ್ತು. ನನಗೆ ಗೊತ್ತಿಲ್ಲ, ನಾನು ಇದನ್ನು ಬರೆಯುವ ಹೊತ್ತಿಗೆ ಅವಳಿನ್ನೂ ಇಳಿದೇ ಇಲ್ಲ.

ನಾಳೆ ಬೆಳಿಗ್ಗೆ ಪಂಚರು ನನ್ನನ್ನು ನಿಲ್ಲಿಸಿ, ಇಲ್ಲಿ ಉಳಿಯುತ್ತೀರಾ ಎಂದು ಕೇಳುತ್ತಾರೆ. ಹೌದು ಎಂದ ಕ್ಷಣಕ್ಕೆ ಆಶ್ರಯ ನನ್ನದು. ಅಲ್ಲಿಯವರೆಗೆ ಏನೂ ಮುಗಿದಿಲ್ಲ. ಉಸಿರೋಲೆ ಕಳಿಸುವ ಕಟ್ಟೆ ಕೇರಿಯ ತುದಿಯಲ್ಲೇ ಇದೆ, ಸಂಜೆಯವರೆಗೆ ತೆರೆದಿರುತ್ತದೆ. ಕಿಟಕಿಯಿಂದ ಕಾಣುತ್ತದೆ, ಒಬ್ಬ ಹೆಣ್ಣುಮಗಳು ಈಗಷ್ಟೇ ಒಳಗೆ ಹೋದಳು. ಅಕ್ಕನನ್ನು ಇನ್ನೂ ಒಂದು ಸಲ ಕೇಳಬಹುದು.

ನಾನು ಕೂತಲ್ಲೇ ಕೂತು ನಿಮಗೆ ಬರೆಯುತ್ತಿದ್ದೇನೆ.

ನಿಂಬೆವ್ವ