ಮಡಿಲಿಗೆ ಕೊಡದ ಮಗು

ಮರಳೂರು, ತುಮಕೂರು
೧೮ ನವೆಂಬರ್ ೧೯೮೩

ಪ್ರೀತಿಯ ರುದ್ರಣ್ಣನಿಗೆ ಗಂಗೂ ಮಾಡುವ ನಮಸ್ಕಾರ.

ನಿನ್ನ ಮೊಣಕಾಲು ನೋವು ಹೇಗಿದೆ? ಕ್ಯಾಂಪಿನಲ್ಲಿ ಚಳಿ ಹೆಚ್ಚಿರಬೇಕು. ಅತ್ತಿಗೆ ಕಳಿಸಿದ ಸ್ವೆಟರನ್ನು ಟ್ರಂಕಿನಲ್ಲೇ ಇಟ್ಟುಕೊಂಡು ಕೂರಬೇಡ. ಪಾಪುವಿಗೆ ಐದು ತಿಂಗಳು ತುಂಬಿತು, ಬೋರಲು ಬೀಳುತ್ತಾನೆ. ನನಗೆ ಮಾತ್ರ ನಿದ್ರೆಯಿಲ್ಲ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಲೇ ಇರುತ್ತೇನೆ. ಬಿ.ಎಸ್ಸಿ. ಓದಿದವಳು ಹೀಗಾ ಹೆದರುವುದು ಎಂದು ಇವರು ನಗುತ್ತಾರೆ.

ಕುಲ್ಸುಮಮ್ಮ ತೀರಿಹೋದದ್ದನ್ನು ಅವರ ಮಗ ಏಜಾಜ್‌ನೇ ನಿನಗೆ ಬರೆದಿದ್ದಾನೆ, ಗೊತ್ತು. ಮಣ್ಣಿಗೆ ನಾನು ಗುಬ್ಬಿಗೆ ಹೋಗಲಿಲ್ಲ. ಮಗುವಿನ ನೆಪ ಹೇಳಿದೆ. ಅಂದಿನಿಂದ ಮಧ್ಯಾಹ್ನ ಮೂರರ ಹೊತ್ತಿಗೆ ಗೇಟಿನ ಬಳಿ ಅವರ ಕೆಮ್ಮು ಕೇಳುತ್ತದೆ ಅಣ್ಣ. ಹೋಗಿ ನೋಡಿದರೆ ಯಾರೂ ಇಲ್ಲ. ನಿನ್ನೆ ಹಾಲು ಕುಡಿಯುತ್ತಿದ್ದ ಪಾಪು ಬಾಯಿಬಿಟ್ಟು, ಬಾಗಿಲ ಕಡೆ ತಿರುಗಿ ನಕ್ಕ. ನಾನು ಎದ್ದು ಬಾಗಿಲು ಹಾಕಿಬಿಟ್ಟೆ.

ಅವರ ಅಡಿಗೆಮನೆಯ ಮೇಲಿನ ಹಲಗೆಯಲ್ಲಿ ನಿನಗೆಂದೇ ಒಂದು ಪಾತ್ರೆ, ಸೌಟು, ತಟ್ಟೆ ಇದ್ದವಲ್ಲ. ಮಗನ ಸ್ನೇಹಿತ ಲಿಂಗ ಕಟ್ಟಿದವನು ಎಂದು ಅವಕ್ಕೆ ಮಾಂಸ, ಮೊಟ್ಟೆ ಸೋಕಿಸಿದವರಲ್ಲ. ಹಾಗೆ ಮಾಡಿ ಎಂದು ನಾವು ಯಾರೂ ಕೇಳಿರಲಿಲ್ಲ. ‘ಏನ್ಲಾ ಏಜಾಜ್, ರುದ್ರನ ಪಾತ್ರೆಗೆ ಆ ಸೌಟು ಹಾಕ್ದೆ ಅಂದ್ರೆ ಇವತ್ತು ನಿಂಗೆ ಊಟ ಇಲ್ಲ’ ಎಂದು ಗದರುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ನನ್ನ ತಲೆ ಬಾಚಿದವರು, ಕಾಲೇಜಿಗೆ ಕಳಿಸಿ ಎಂದು ಅಪ್ಪನ ಜೊತೆ ಜಗಳವಾಡಿದವರು ಅವರೇ.

ಸೆಪ್ಟೆಂಬರಿನಲ್ಲಿ ಅವರು ಮಗು ನೋಡಲು ಬಂದಿದ್ದರು, ಪಾಪುವನ್ನು ಮಡಿಲಿಗೆ ಕೊಟ್ಟೆ ಎಂದು ನಿನಗೆ ಬರೆದಿದ್ದೆ. ಸುಳ್ಳು ಅಣ್ಣ. ಬಂದು ಕೂತವರು ಎರಡು ಮೂರು ಸಲ ಕೆಮ್ಮಿದರು. ಮೆಣಸಿನಕಾಯಿ ಕುಟ್ಟಿ ಮಾರುವ ಮನೆ. ಆ ಘಾಟಿನ ಕೆಮ್ಮು ನಾನು ಚಿಕ್ಕಂದಿನಿಂದ ಕೇಳಿದ್ದೇ. ಆದರೂ ಟಿ.ಬಿ. ಇದ್ದರೆ ಎಂಬುದೊಂದು ತಲೆಯಲ್ಲಿ ಕೂತುಬಿಟ್ಟಿತು. ಪಾಪು ಮಲಗಿದ್ದಾನೆ ಎಂದೆ. ಒಳಗೆ ಅವನು ಕೇಕೆ ಹಾಕುತ್ತಿದ್ದುದು ಇಬ್ಬರಿಗೂ ಕೇಳುತ್ತಿತ್ತು. ಚಾಚಿದ್ದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ‘ಮಲಗ್ಲಿ ಬುಡು, ಮಕ್ಳ ನಿದ್ದೆ ಕೆಡಿಸ್ಬಾರ್ದು’ ಎಂದರು. ತಾವೇ ಹೊಲಿದ ಕೌದಿ ಕೊಟ್ಟು ಹೊರಟರು. ಅವರು ಬೀದಿ ದಾಟುವ ಮೊದಲೇ ನಾನದನ್ನು ಹಂಡೆಯ ಕುದಿನೀರಿಗೆ ಹಾಕಿದೆ. ಮರೆತ ಛತ್ರಿಗೆಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದವರು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟರು. ಕೌದಿ ಬಣ್ಣ ಬಿಡುತ್ತಿತ್ತು. ‘ಒಳ್ಳೇದೇ ಮಾಡ್ದೆ ಕಣೇ ಗಂಗೂ, ಹಳೇ ಸೀರೆ, ಬರೀ ಧೂಳು’ ಎಂದರು. ಮತ್ತೆ ಬರಲಿಲ್ಲ. ಐದು ವಾರಕ್ಕೆ ಎದೆನೋವು ಬಂದು ಹೋದರು. ಟಿ.ಬಿ. ಗೀಬಿ ಏನೂ ಇರಲಿಲ್ಲವಂತೆ.

ಬೈಯಬೇಕೆನಿಸಿದರೆ ಬೈದು ಬರಿ, ಬರೆಯದೆ ಮಾತ್ರ ಇರಬೇಡ. ಅತ್ತಿಗೆಗೆ ಬರೆಯುವಾಗ ನನ್ನ ನೆನಪು ತಿಳಿಸು. ಸೋದರಮಾವನ ಆಶೀರ್ವಾದ ಪಾಪುವಿನ ಮೇಲಿರಲಿ.

ನಿನ್ನ ತಂಗಿ,
ಗಂಗಾಂಬಿಕೆ

ಮರೆಯುವ ಮುನ್ನ: ಕಾಗದ ಅಂಟಿಸುವಷ್ಟರಲ್ಲಿ ಏಜಾಜ್ ಬಂದ, ನಲವತ್ತನೇ ದಿನದ ಫಾತೇಹಾ ಪ್ರಾರ್ಥನೆಗೆ ಕರೆಯಲು. ಪಾಪುವನ್ನು ನೋಡಿ ಅತ್ತೇಬಿಟ್ಟ. ‘ಅವತ್ತು ಇಲ್ಲಿಂದ ಬಂದವ್ಳು, ಒಂದು ಗಂಟೆ ತೊಡೆ ಮೇಲೆ ಆಡಿಸ್ದೆ ಅಂದ್ಲು ಅಮ್ಮಿ. ಕಳ್ಳ, ಸೀರೆ ಎಲ್ಲ ನೆನೆಸ್ಬುಟ್ಟ ಅಂತ ಮನೇಲಿ ಎಲ್ರಿಗೂ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು’ ಎಂದ. ಸೆರಗು ನಿಜವಾಗಿಯೂ ಒದ್ದೆಯಾಗಿತ್ತಂತೆ, ತಾನೇ ಮುಟ್ಟಿ ನೋಡಿದನಂತೆ. ನಾನು ಹೂಂ ಎಂದೆ. ನೀನು ಅವನಿಗೆ ಏನೂ ಬರೆಯಬೇಡ ಅಣ್ಣ.