ನಶ್ಯ ಬಿಟ್ಟ ಮೇಲೂ ಸೋರಿದ ಕಪ್ಪು

ಕಿವಿ-ಮೂಗು-ಗಂಟಲು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಸೋದರತ್ತೆ ತುಳಸಮ್ಮನವರು ನಶ್ಯ ಏರಿಸುತ್ತಿದ್ದರು. ಚಾಮರಾಜಪೇಟೆಯ ನಮ್ಮ ಮಡಿಯ ಮನೆಯಲ್ಲಿ ಇದು ಗೊತ್ತಿದ್ದದ್ದು ಡಬ್ಬಿ ತಂದುಕೊಡುತ್ತಿದ್ದ ನನಗೊಬ್ಬನಿಗೆ. ವರ್ಷಗಟ್ಟಲೆ ಮುಚ್ಚಿಟ್ಟಿದ್ದನ್ನು ಈಗ ಅವರ ಒಪ್ಪಿಗೆ ಪಡೆದೇ ಊರಿಗೆಲ್ಲ ಹೇಳುತ್ತಿದ್ದೇನೆ. ಏಕೆಂದರೆ ಆ ನಶ್ಯದ ನೆಪದಲ್ಲಿ ನಿಮ್ಮ ವೈದ್ಯರು ಅವರ ಮೂಗಿನೊಳಗಿದ್ದ ಕ್ಯಾನ್ಸರನ್ನು ನೋಡದೆ ವಾಪಸು ಕಳಿಸಿದರು.

ಎರಡು ವರ್ಷದ ಹಿಂದೆ ಯುಗಾದಿಗೆ ಅತ್ತೆ ನಶ್ಯ ಬಿಟ್ಟರು. ದಸರಾ ಬಂದರೂ ಎಡ ಹೊಳ್ಳೆಯಿಂದ ಸೋರುವ ಕಪ್ಪು ನೀರು ನಿಲ್ಲಲಿಲ್ಲ. ಡಾಕ್ಟರ ಹತ್ತಿರ ಏನೂ ಮುಚ್ಚಿಡಬೇಡಿ ಎಂದು ಒತ್ತಾಯಿಸಿದವನು ನಾನೇ. ಗಂಡನಿಲ್ಲದ ಹೆಂಗಸು, ಅಣ್ಣನಾದ ನನ್ನ ತಂದೆಗೂ ಹೇಳದ್ದನ್ನು ತಲೆ ತಗ್ಗಿಸಿ ನಿಮ್ಮ ವೈದ್ಯರೆದುರು ಹೇಳಿದರು. ಸಿಕ್ಕ ಬಹುಮಾನ?

"ಬಿಟ್ಟಿದೀನಿ ಅಂತ ಎಲ್ರೂ ಹೇಳ್ತಾರೆ ಅಜ್ಜಿ. ಮೊದ್ಲು ಸುಳ್ಳು ಬಿಡಿ."

"ಎರಡೂ ಕಡೆ ಏರಿಸ್ತಿದ್ದೆನಪ್ಪ. ಒಂದೇ ಕಡೆ ಯಾಕೆ ಸೋರತ್ತೆ?"

"ಅದನ್ನ ನಿಮ್ಮ ಡಬ್ಬೀನೇ ಕೇಳಿ."

ಕ್ಯೂನಲ್ಲಿದ್ದವರೆಲ್ಲ ನಕ್ಕರು. ಮೂಗಿನೊಳಗೆ ನೋಡುವ ಲೈಟಿನ ನಳಿಕೆ ಗಾಜಿನ ಬೀರುವಿನಲ್ಲಿ ಭದ್ರವಾಗಿತ್ತು. ಅದನ್ನು ಹೊರತೆಗೆಯಲು ಯಾವ ಮುಹೂರ್ತ ಬೇಕಿತ್ತು?

ಆ ನಗು ಕೇಳಿದ ಮೇಲೆ ಅತ್ತೆ ಯಾವ ಆಸ್ಪತ್ರೆಯ ಮೆಟ್ಟಿಲು ಹತ್ತಲೂ ಒಪ್ಪಲಿಲ್ಲ. ಕೆನ್ನೆ ಊದಿಕೊಂಡಾಗ ಬೇರೆ ಕಡೆ ಕರೆದೊಯ್ದೆ. ಮೆಲನೋಮಾ ಎಂದರು. ಸಾಮಾನ್ಯವಾಗಿ ಚರ್ಮದಲ್ಲಿ ಬರುವ ಕಪ್ಪು ಕ್ಯಾನ್ಸರ್, ಅಪರೂಪಕ್ಕೆ ಮೂಗಿನೊಳಗೂ ಹುಟ್ಟುತ್ತದಂತೆ. ಕತ್ತರಿಸಿದರು, ವಿಕಿರಣದ ಕರೆಂಟು ಕೊಟ್ಟರು. ಈಗ ಕಣ್ಣಿನ ಹಿಂದೆ ಮತ್ತೆ ಬಂದಿದೆ. ಇನ್ನು ನೋವಿಗಷ್ಟೇ ಔಷಧಿ.

ನಾನು ಹೈಸ್ಕೂಲು ಮುಗಿಸದವನು, ಆದರೆ ಸುಳ್ಳು ಬರೆಯಲಾರೆ. ನೀವು ಅಂದೇ ನೋಡಿದ್ದರೆ ಅತ್ತೆ ಉಳಿಯುತ್ತಿದ್ದರು ಎನ್ನಲಾರೆ. ಈ ರೋಗದಲ್ಲಿ ಐದು ವರ್ಷ ದಾಟುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು, ಚೆನ್ನಾಗಿ ಕತ್ತರಿಸಿದರೂ ಅಲ್ಲೇ ಮರುಕಳಿಸುವುದುಂಟು ಎಂದು ಆ ಇನ್ನೊಂದು ಆಸ್ಪತ್ರೆಯ ವೈದ್ಯರು ನನ್ನನ್ನು ಕೂರಿಸಿಕೊಂಡು ಹೇಳಿದರು. ಬೇಗ ಸಿಕ್ಕವರಿಗೆ ಸ್ವಲ್ಪ ಹೆಚ್ಚು ಆಸೆಯಂತೆ. ಆ ಸ್ವಲ್ಪ ಯಾರದಾಗಿತ್ತು ಮಾನ್ಯರೇ? ತಮಾಷೆ ಮಾಡಿ ಕಳೆಯಲು ಅದು ನಿಮ್ಮ ವಿಭಾಗದ ಸ್ವತ್ತೇ?

ಒಂದೇ ಹೊಳ್ಳೆಯಿಂದ ರಕ್ತವೋ ಕಪ್ಪು ನೀರೋ ಸೋರುತ್ತಿದೆ ಎಂದು ಬಂದವರನ್ನು ನಳಿಕೆ ಹಾಕಿ ನೋಡದೆ ಮನೆಗೆ ಕಳಿಸಕೂಡದೆಂದು ಆಜ್ಞೆ ಮಾಡಿ. ಮತ್ತು ತಮಾಷೆ ಮಾಡಿದ ನಿಮ್ಮ ಆ ವೈದ್ಯರು ಅತ್ತೆಯ ಎದುರು ನಿಂತು, ನೀವು ಹೇಳಿದ್ದು ನಿಜ ಎನ್ನಲಿ. ನಿನ್ನೆಯೂ ಅತ್ತೆ ಕೇಳಿದರು: "ಆ ಡಾಕ್ಟ್ರು ಹುಡುಗ ಈಗ್ಲಾದ್ರೂ ನಂಬ್ತಾನೇನೋ ಸಂಕು?" ಬರುವುದಾದರೆ ಇವತ್ತೇ ಬರಲಿ. ಅದಕ್ಕೆಂದೇ ಈ ಪತ್ರವನ್ನು ನಿಮ್ಮ ವಿಭಾಗದ ಬಾಗಿಲಿಗೂ ಅಂಟಿಸಿದ್ದೇನೆ.

ಇಂತಿ,
ನಿಜ ಹೇಳಿ ಎಂದು ಅತ್ತೆಗೆ ಬುದ್ಧಿ ಹೇಳಿದ
ಸಂಕರ್ಷಣ
ಚಾಮರಾಜಪೇಟೆ, ಜುಲೈ 2004

ನಾಳೆ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ನಂಜನಗೂಡಿಗೆ, ಇನ್ನುಳಿದ ದಿನಗಳನ್ನು ಅಲ್ಲೇ ಕಳೆಯಲೆಂದು ಅವರ ತಂಗಿಯ ಮನೆಗೆ ಹೊರಡುತ್ತೇನೆ.